ಶರೀರದ ಕಾವಲೂ ಸಮಾಜದ ಹೊಣೆಯೂ



ಘಟ್ಟದ ಕೆಳಗೆ, ಕುಂದಾಪುರದ ದಕ್ಷಿಣಕ್ಕೆ ಹೆದ್ದಾರಿಯ ಮಗ್ಗುಲಲ್ಲಿರುವ ಕೋಟೇಶ್ವರವು ಕೋಟಿಲಿಂಗೇಶ್ವರನ ದೇವಾಲಯದಿಂದಲೂ, ಕೋಟಿತೀರ್ಥವೆಂಬ ವಿಶಾಲವಾದ ಕೆರೆಯಿಂದಲೂ, ವೃಶ್ಚಿಕ ಮಾಸದ ಕೊಡಿಹಬ್ಬದಿಂದಲೂ ಪ್ರಸಿದ್ಧವಾದ ಕ್ಷೇತ್ರವು. ಆ ಊರಿನ ಸುತ್ತಣ ಬಯಲುಗಳಲ್ಲಿ ಮಳೆಗಾಲವು ಕಾಲಿಟ್ಟಿತೆಂದರೆ ಒಕ್ಕಲುಮಕ್ಕಳು ಬರಿಗಾಲಿನಲ್ಲಿ ಕೆಸರಿಗಿಳಿದು ನಾಟಿಯ ಕೆಲಸವನ್ನು ಮಾಡುವರು. ಆ ಕೆಸರಿನಲ್ಲಿ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಅಸಂಖ್ಯಾತವಾಗಿರುವುವು. ಆರೋಗ್ಯವಂತನಾದ ರೈತನು ದಿನವೆಲ್ಲ ಅದರಲ್ಲಿ ನಿಂತು ದುಡಿದರೂ ಸಂಜೆಗೆ ಮಿಂದು, ಗಂಜಿಯುಂಡು, ನಿಶ್ಚಿಂತೆಯಿಂದ ನಿದ್ರಿಸುವನು. ಆದರೆ ಅದೇ ರೈತನು ಸಂಧಿವಾತಕ್ಕಾಗಲಿ, ರಕ್ತದ ಕ್ಯಾನ್ಸರಿಗಾಗಲಿ, ಬೇರೊಬ್ಬರಿಂದ ಪಡೆದ ಮೂತ್ರಪಿಂಡವನ್ನು ಉಳಿಸಿಕೊಳ್ಳುವುದಕ್ಕಾಗಲಿ ಔಷಧವನ್ನು ಸೇವಿಸುತ್ತಿರುವನಾದರೆ ಅದೇ ಕೆಸರು ಅವನಿಗೆ ಪ್ರಾಣಾಂತಿಕವಾಗಬಹುದು. ಮಣ್ಣು ಬದಲಾಗಲಿಲ್ಲ, ಮನುಷ್ಯನೂ ಅವನೇ. ಬದಲಾದುದು ಅವನ ಶರೀರದೊಳಗಿನ ಕಾವಲು. ಈ ಕಾವಲು ಎಂತಹುದು, ಅದಕ್ಕೆ ತಗಲುವ ವ್ಯಾಧಿಗಳಾವುವು, ಅದನ್ನು ವೈದ್ಯರೇ ಬೇಕೆಂದು ತಗ್ಗಿಸಬೇಕಾದಾಗ ಮನೆಯವರೂ ನೆರೆಹೊರೆಯವರೂ ನಡೆದುಕೊಳ್ಳಬೇಕಾದ ಬಗೆ ಯಾವುದು ಎಂಬುದೇ ಈ ಉಪನ್ಯಾಸದ ವಿಷಯವು.

ಪ್ರಾಯಕ್ಕೆ ಬಂದ ಮನುಷ್ಯನ ದೇಹದಲ್ಲಿ ಸುಮಾರು 5 ಲೀಟರು ರಕ್ತವು ಸದಾ ಸಂಚರಿಸುತ್ತಿರುವುದು. ಅದರಲ್ಲಿನ ಕೆಂಪುಕಣಗಳು ಪ್ರಾಣವಾಯುವನ್ನು ಹೊತ್ತೊಯ್ಯುವುವು. ಪ್ಲೇಟ್‌ಲೆಟ್‌ಗಳೆಂಬ ಸಣ್ಣ ಕಣಗಳು ಗಾಯವಾದೆಡೆಯಲ್ಲಿ ರಕ್ತವನ್ನು ಹೆಪ್ಪುಗಟ್ಟಿಸುವುವು. ಬಿಳಿಕಣಗಳು ಕಾವಲು ಕಾಯುವುವು. ಒಂದು ಘನ ಮಿಲಿಮೀಟರು ರಕ್ತದಲ್ಲಿ ಬಿಳಿಕಣಗಳು 4,000ದಿಂದ 11,000ದವರೆಗೂ, ಪ್ಲೇಟ್‌ಲೆಟ್‌ಗಳು ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷದವರೆಗೂ ಇರುವುದು ಸಹಜ. ಇವೆಲ್ಲವುಗಳ ತವರು ಎಲುಬಿನೊಳಗಿನ ಮಜ್ಜೆ. ಕೆಂಪುಕಣಗಳನ್ನು ಮಾತ್ರ ಲೆಕ್ಕಿಸಿದರೂ ಈ ಮಜ್ಜೆಯು ದಿನವೊಂದಕ್ಕೆ ಸುಮಾರು 20,000 ಕೋಟಿ ಕಣಗಳನ್ನು ಹಡೆದು ಕಳುಹಿಸುವುದು. ಹಗಲಿರುಳೆನ್ನದೆ ನಡೆಯುವ ಈ ಕಾಯಕಕ್ಕೆ ಸಮಾನವಾದ ಕಾರ್ಖಾನೆಯನ್ನು ಮನುಷ್ಯನು ಈವರೆಗೆ ಕಟ್ಟಿಲ್ಲ.

ಬಿಳಿಕಣಗಳಲ್ಲಿಯೂ ಹಲವು ಬಗೆಗಳುಂಟು. ಕೆಲವು ರೋಗಾಣುವನ್ನು ಕಂಡೊಡನೆ ಓಡಿಬಂದು ನುಂಗಿಬಿಡುವುವು. ಬಿ-ಕಣಗಳೆಂಬುವು ಪ್ರತಿಯೊಂದು ಶತ್ರುವಿಗೂ ಒಪ್ಪುವ ಪ್ರತಿಕಾಯಗಳನ್ನು ಸಿದ್ಧಪಡಿಸುವುವು. ಟಿ-ಕಣಗಳೆಂಬುವು ರೋಗಾಣು ಹೊಕ್ಕ ಜೀವಕೋಶಗಳನ್ನು ಹುಡುಕಿ ಕೊಲ್ಲುವುವು. ಉಳಿದವುಗಳಿಗೆ ಅಪ್ಪಣೆಯನ್ನೂ ಕೊಡುವುವು. ಒಮ್ಮೆ ಕಾದಿದ ಶತ್ರುವಿನ ನೆನಪನ್ನು ಇವು ಬಹುಕಾಲ ಇಟ್ಟುಕೊಳ್ಳುವುದರಿಂದಲೇ ಲಸಿಕೆಯೆಂಬುದು ಫಲಕಾರಿಯಾಗಿರುವುದು. ಊರೂರುಗಳನ್ನೇ ಬರಿದುಮಾಡುತ್ತಿದ್ದ ಸಿಡುಬು 1980ರಲ್ಲಿ ಭೂಮಂಡಲದಿಂದ ನಿರ್ಮೂಲವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆಯು ಸಾರಿದುದು ಈ ನೆನಪಿನ ಶಕ್ತಿಯ ಪ್ರಭಾವದಿಂದಲೇ.

ಕಾವಲುಗಾರನಿಗೆ ಶೌರ್ಯವಿದ್ದರೆ ಸಾಲದು. ತನ್ನವರಾರು, ಪರರಾರು ಎಂಬ ವಿವೇಕವೂ ಬೇಕು. ಎದೆಯ ಮೂಳೆಯ ಹಿಂದೆ ಥೈಮಸ್ ಎಂಬ ಮೆತ್ತನೆಯ ಗ್ರಂಥಿಯುಂಟು. ಅದರ ಪ್ರಯೋಜನವೇನೆಂಬುದನ್ನು 1961ರಲ್ಲಿ ಜಾಕ್ ಮಿಲ್ಲರ್ ಎಂಬ ವಿಜ್ಞಾನಿಯು ತೋರಿಸಿಕೊಡುವವರೆಗೆ ಜಗತ್ತು ಅರಿತಿರಲಿಲ್ಲ. ಅದು ಟಿ-ಕಣಗಳ ಪಾಠಶಾಲೆ. ಸ್ವಂತ ದೇಹದ ಮೇಲೆಯೇ ಕೈಯೆತ್ತುವ ಸ್ವಭಾವವುಳ್ಳ ಕಣಗಳೂ, ಏನನ್ನೂ ಗುರುತಿಸಲಾರದ ಕಣಗಳೂ ಅಲ್ಲಿಯೇ ನಾಶವಾಗುವುವು. ಪ್ರವೇಶಿಸಿದವುಗಳಲ್ಲಿ ನೂರಕ್ಕೆ ಐದಾದರೂ ಉತ್ತೀರ್ಣವಾಗಿ ಹೊರಬೀಳುವುದು ಕಷ್ಟ. ಇಷ್ಟಾದರೂ ಕೆಲವು ತಪ್ಪಿಸಿಕೊಂಡು ಬರುವುವು. ಅಂತಹವುಗಳನ್ನು ಹತೋಟಿಯಲ್ಲಿಡಲು ಬೇರೆ ಜಾತಿಯ ಟಿ-ಕಣಗಳಿವೆಯೆಂಬುದನ್ನು ಜಪಾನಿನ ಶಿಮೊನ್ ಸಕಾಗುಚಿಯವರು 1995ರಲ್ಲಿ ಕಂಡುಹಿಡಿದರು. 2001ರಲ್ಲಿ ಅಮೆರಿಕದ ಮೇರಿ ಬ್ರಂಕೋ ಮತ್ತು ಫ್ರೆಡ್ ರ‍್ಯಾಮ್ಸ್‌ಡೆಲ್ ಎಂಬುವರು ಈ ಹತೋಟಿಗೆ ಮೂಲವಾದ ಜೀನನ್ನು ಗುರುತಿಸಿದರು. ಈ ಮೂವರಿಗೂ 2025ರ ವೈದ್ಯಕೀಯ ನೊಬೆಲ್ ಪಾರಿತೋಷಕವು ಲಭಿಸಿತು. ಕಾವಲುಗಾರರನ್ನು ಕಾಯುವ ಕಾವಲುಗಾರರೂ ಉಂಟೆಂಬುದು ಇದರಿಂದ ಸಿದ್ಧವಾಯಿತು.

ಇಂತಹ ವ್ಯವಸ್ಥೆಯು ಮೂರು ಬಗೆಯಾಗಿ ಕೆಡಬಹುದು. ಮೊದಲನೆಯದು ಕಾವಲು ಕ್ಷೀಣಿಸುವುದು. ಕೆಲವು ಶಿಶುಗಳು ಹುಟ್ಟುವಾಗಲೇ ಈ ಶಕ್ತಿಯಿಲ್ಲದೆ ಹುಟ್ಟುವುವು. ಎಚ್‌ಐವಿ ವೈರಾಣುವು ಟಿ-ಕಣಗಳನ್ನೇ ತಿಂದುಹಾಕುವುದು. ಮಧುಮೇಹವು ಹತೋಟಿ ತಪ್ಪಿದರೂ ಕಾವಲು ಸಡಿಲಾಗುವುದು. ಎರಡನೆಯದು ಕಾವಲಿಗೆ ವಿವೇಕಭ್ರಂಶವಾಗುವುದು. ಆಗ ಅದು ಸ್ವಂತ ಅಂಗಗಳನ್ನೇ ಶತ್ರುವೆಂದು ಬಗೆದು ಹಿಂಸಿಸುವುದು. ಕೀಲುಗಳನ್ನು ಹಿಡಿದರೆ ಸಂಧಿವಾತವೆಂದೂ, ಚರ್ಮ, ಕೀಲು, ಮೂತ್ರಪಿಂಡ ಮುಂತಾದ ಅನೇಕ ಅಂಗಗಳನ್ನು ಹಿಡಿದರೆ ಲೂಪಸ್ ಎಂದೂ, ಇನ್ಸುಲಿನ್ ಸ್ರವಿಸುವ ಕಣಗಳನ್ನು ಹಿಡಿದರೆ ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಒಂದನೆಯ ಬಗೆಯ ಮಧುಮೇಹವೆಂದೂ ಅದು ಕರೆಯಲ್ಪಡುವುದು. ದೇಹವು ತನ್ನನ್ನು ತಾನೇ ಹಿಂಸಿಸಿಕೊಳ್ಳಲಾರದೆಂದು 20ನೆಯ ಶತಮಾನದ ಆರಂಭದಲ್ಲಿ ದೊಡ್ಡ ವಿದ್ವಾಂಸರೂ ನಂಬಿದ್ದರು. ಆದರೆ ಥೈರಾಯಿಡ್ ಗ್ರಂಥಿಯ ಒಂದು ಕಾಯಿಲೆಯಲ್ಲಿ ಹೀಗೆ ನಡೆಯುವುದುಂಟೆಂದು 1956ರಲ್ಲಿ ಪ್ರಯೋಗಗಳಿಂದ ಸ್ಥಿರಪಟ್ಟಿತು. ಈ ವರ್ಗದ ವ್ಯಾಧಿಗಳು ಹೆಂಗಸರನ್ನೇ ಹೆಚ್ಚಾಗಿ ಪೀಡಿಸುವುವು. ಲೂಪಸ್ ರೋಗಿಗಳಲ್ಲಂತೂ ಹತ್ತರಲ್ಲಿ ಒಂಬತ್ತು ಮಂದಿ ಸ್ತ್ರೀಯರು.

ಮೂರನೆಯದು ಕಾವಲಿನ ಕಣಗಳೇ ಮಿತಿ ತಪ್ಪಿ ಬೆಳೆಯುವುದು. ಇದೇ ರಕ್ತದ ಕ್ಯಾನ್ಸರು. ಮಜ್ಜೆಯಲ್ಲಿ ಪಕ್ವವಾಗದ ಬಿಳಿಕಣಗಳು ಹೊಲದ ಕಳೆಯಂತೆ ಹಬ್ಬಿದರೆ ಅದು ಲ್ಯುಕೇಮಿಯಾ; ದುಗ್ಧಗ್ರಂಥಿಗಳಲ್ಲಿ ಗಂಟಾಗಿ ಬೆಳೆದರೆ ಲಿಂಫೋಮಾ; ಪ್ರತಿಕಾಯಗಳನ್ನು ತಯಾರಿಸುವ ಕಣಗಳು ಕೆಟ್ಟು ಎಲುಬನ್ನು ಕೊರೆದರೆ ಮೈಲೋಮಾ. ಕಳೆ ಬೆಳೆದ ಹೊಲದಲ್ಲಿ ಪೈರಿಗೆ ಎಡೆಯಿಲ್ಲವಾಗುವಂತೆ, ಒಳ್ಳೆಯ ಕಣಗಳು ಹುಟ್ಟುವುದಕ್ಕೆ ಸ್ಥಳವಿಲ್ಲದೆ ಹೋಗುವುದು. ಆದುದರಿಂದ ಬಿಳಿಕಣಗಳ ಸಂಖ್ಯೆಯು ಲಕ್ಷಕ್ಕೇರಿದರೂ ರೋಗಿಯು ಕಾವಲಿಲ್ಲದವನೇ ಆಗಿರುವನು. ಕಾರಣವಿಲ್ಲದ ಆಯಾಸ, ಬಿಳಿಚಿಕೊಂಡ ಮುಖ, ಇಳಿಯದ ಜ್ವರ, ಒಸಡಿನಿಂದ ರಕ್ತ ಜಿನುಗುವುದು, ಪೆಟ್ಟುಬೀಳದೆ ಮೈಮೇಲೆ ನೀಲಿ ಕಲೆಗಳು ಮೂಡುವುದು, ಕೊರಳಲ್ಲಿ, ಕಂಕುಳಲ್ಲಿ, ತೊಡೆಯ ಸಂದಿಯಲ್ಲಿ ನೋವಿಲ್ಲದ ಗಂಟು, ವಯಸ್ಸಾದವರಲ್ಲಿ ಬಿಡದೆ ಕಾಡುವ ಬೆನ್ನೆಲುಬಿನ ನೋವು, ಇವು ಇದರ ಸೂಚನೆಗಳಾಗಿರಬಹುದು. ದೃಷ್ಟಿಯಾಯಿತೆಂದೋ, ಬರಿಯ ನಿತ್ರಾಣವೆಂದೋ ತಿಂಗಳುಗಟ್ಟಲೆ ಕಳೆಯುವುದಕ್ಕಿಂತ ಮುಂಚೆ ರಕ್ತಕಣಗಳ ಎಣಿಕೆಯನ್ನು ಒಮ್ಮೆ ಮಾಡಿಸುವುದು ಕ್ಷೇಮ. ಆ ಪರೀಕ್ಷೆಗೆ ತಗಲುವ ವೆಚ್ಚವು ಸ್ವಲ್ಪವೇ; ಸಣ್ಣ ಪೇಟೆಗಳಲ್ಲಿಯೂ ಅದು ದೊರೆಯುವುದು. ಈ ರೋಗಗಳು ಮುಟ್ಟಿದರೆ ಹರಡುವಂತಹವಲ್ಲ. ಯಾರ ಪಾಪದ ಫಲವೂ ಅಲ್ಲ.

ಈ ರೋಗಕ್ಕೆ ಮದ್ದು ದೊರೆತ ವೃತ್ತಾಂತದಲ್ಲಿ ಭಾರತೀಯರು ಹೆಮ್ಮೆಪಡಬೇಕಾದ ಭಾಗವೊಂದಿದೆ. 1928ರಲ್ಲಿ ಲೂಸಿ ವಿಲ್ಸ್ ಎಂಬ ಆಂಗ್ಲೇಯ ವೈದ್ಯಮಹಿಳೆಯು ಮುಂಬಯಿಗೆ ಬಂದು, ಗಿರಣಿಗಳಲ್ಲಿ ದುಡಿಯುವ ಗರ್ಭಿಣಿಯರ ರಕ್ತಹೀನತೆಗೆ ಕಾರಣವನ್ನು ಹುಡುಕಿದಳು. ಯೀಸ್ಟಿನಿಂದ ಮಾಡಿದ ಆಹಾರವೊಂದರಿಂದ ಆ ರೋಗವು ಗುಣವಾಗುವುದೆಂದು ಕಂಡು 1931ರಲ್ಲಿ ಪ್ರಕಟಿಸಿದಳು. ಅದರಲ್ಲಿದ್ದ ಸತ್ತ್ವವೇ ಮುಂದೆ ಫೋಲಿಕ್ ಆಮ್ಲವೆಂದು ಹೆಸರಾಯಿತು. ಭೀಮವರಂನಲ್ಲಿ 1895ರಲ್ಲಿ ಜನಿಸಿ, ಮದರಾಸಿನಲ್ಲಿ ವೈದ್ಯವಿದ್ಯೆಯನ್ನು ಕಲಿತು, ಅಮೆರಿಕಕ್ಕೆ ತೆರಳಿದ ಯಲ್ಲಾಪ್ರಗಡ ಸುಬ್ಬರಾಯರು ಲೆಡರ್ಲಿ ಎಂಬ ಔಷಧಶಾಲೆಯಲ್ಲಿ ಸಂಶೋಧನೆಯ ಮುಖ್ಯಸ್ಥರಾಗಿದ್ದರು. ಅವರ ತಂಡವು ಫೋಲಿಕ್ ಆಮ್ಲವನ್ನು ರಸಾಯನಶಾಲೆಯಲ್ಲಿಯೇ ತಯಾರಿಸಿತು. ಬೋಸ್ಟನ್ ನಗರದ ಸಿಡ್ನಿ ಫಾರ್ಬರ್ ಎಂಬ ವೈದ್ಯರು ಲ್ಯುಕೇಮಿಯಾ ತಗಲಿದ ಮಕ್ಕಳಿಗೆ ಈ ವರ್ಗದ ವಸ್ತುಗಳನ್ನು ಕೊಟ್ಟು ನೋಡಲು, ರೋಗವು ಉಲ್ಬಣಿಸಿದಂತೆ ಅವರಿಗೆ ಕಂಡಿತು. ಹಾಗಾದರೆ ಕೆಟ್ಟ ಕಣಗಳು ಬೆಳೆಯುವುದು ಈ ಆಹಾರದಿಂದಲೇ. ಇದನ್ನು ಅವುಗಳಿಗೆ ದೊರೆಯದಂತೆ ಮಾಡಿದರೇನಾದೀತು ಎಂಬ ಯೋಚನೆಯು ಹೊಳೆಯಿತು. ಫೋಲಿಕ್ ಆಮ್ಲವನ್ನು ಹೋಲುತ್ತ ಅದರ ಕೆಲಸವನ್ನು ಕೆಡಿಸುವ ಅಮಿನಾಪ್ಟೆರಿನ್ ಎಂಬ ಔಷಧವು ಸುಬ್ಬರಾಯರ ತಂಡದಿಂದ ಬಂದಿತು. ಫಾರ್ಬರರು ಅದನ್ನು 16 ಮಕ್ಕಳಿಗೆ ಕೊಟ್ಟರು. ಅವರಲ್ಲಿ 10 ಮಂದಿಗೆ ಕೆಲಕಾಲ ಉಪಶಮನವು ದೊರೆಯಿತೆಂಬ ವರದಿಯು 1948ರ ಜೂನ್ ತಿಂಗಳಲ್ಲಿ ಪ್ರಕಟವಾಯಿತು. ಅದೇ ವರ್ಷದ ಆಗಸ್ಟಿನಲ್ಲಿ ಸುಬ್ಬರಾಯರು 53ನೆಯ ವಯಸ್ಸಿನಲ್ಲಿ ಕಾಲವಾದರು.

ಅಂದು ವಾರಗಳಲ್ಲಿ, ಹೆಚ್ಚೆಂದರೆ ತಿಂಗಳುಗಳಲ್ಲಿ ಸಾಯುತ್ತಿದ್ದ ಆ ಬಗೆಯ ಲ್ಯುಕೇಮಿಯಾದ ಮಕ್ಕಳು ಇಂದು ಒಳ್ಳೆಯ ಆಸ್ಪತ್ರೆಗಳಲ್ಲಿ ನೂರಕ್ಕೆ ಸುಮಾರು ತೊಂಬತ್ತರಂತೆ ಬದುಕುಳಿಯುತ್ತಿರುವರು. ಹಲವು ಔಷಧಗಳನ್ನು ಕೂಡಿಸಿ ಎರಡು ಮೂರು ವರ್ಷ ಬಿಡದೆ ಕೊಡುವುದೇ ಇದರ ರಹಸ್ಯ. ಅವುಗಳಲ್ಲೊಂದು ಮನೆಯ ಅಂಗಳದಲ್ಲಿ ಹೂಬಿಡುವ ನಿತ್ಯಪುಷ್ಪದಿಂದ ಬಂದುದು. ಕೆನಡಾದ ರಾಬರ್ಟ್ ನೋಬಲ್ ಮತ್ತು ಚಾರ್ಲ್ಸ್ ಬೀರ್ ಎಂಬುವರು ಅದರಲ್ಲಿ ಮಧುಮೇಹಕ್ಕೆ ಮದ್ದನ್ನು ಅರಸುತ್ತಿದ್ದರು. ಅದು ದೊರೆಯಲಿಲ್ಲ, ಬದಲಾಗಿ ಆ ಎಲೆಯ ರಸವು ಇಲಿಗಳ ಬಿಳಿಕಣಗಳನ್ನು ಇಳಿಸುವುದು ಕಂಡುಬಂದಿತು. 1958ರಲ್ಲಿ ಅವರು ಅದರ ಸಾರವನ್ನು ಬೇರ್ಪಡಿಸಿದರು. ಅದೇ ಗಿಡದ ವಿನ್‌ಕ್ರಿಸ್ಟಿನ್ ಎಂಬ ಮತ್ತೊಂದು ಸಾರವು 1963ರಿಂದ ಚಿಕಿತ್ಸೆಗೆ ಬಂದಿತು. ಆದರೆ ಸಾವಿರಾರು ಎಲೆಗಳಿಂದ ಕಣದಷ್ಟನ್ನು ಬೇರ್ಪಡಿಸಿ, ತೂಗಿ, ವೈದ್ಯರು ರಕ್ತನಾಳಕ್ಕೆ ಕೊಡುವ ಔಷಧವೇ ಬೇರೆ, ಗಿಡದ ಎಲೆಯೇ ಬೇರೆ. ಎಲೆಯನ್ನು ಅಗಿದು ತಿನ್ನುವುದು ವಿಷವನ್ನು ತಿಂದಂತೆಯೇ ಸರಿ.

ಕ್ಯಾನ್ಸರಿನ ಕಣಗಳನ್ನು ಅಡಗಿಸುವ ಔಷಧವು ದಾರಿತಪ್ಪಿದ ಕಾವಲನ್ನೂ ಅಡಗಿಸಬಲ್ಲುದೆಂಬುದು ಬೇಗನೆ ತಿಳಿಯಿತು. 1951ರಲ್ಲಿಯೇ ಅಮಿನಾಪ್ಟೆರಿನ್ ಸಂಧಿವಾತದ ನೋವನ್ನು ತಗ್ಗಿಸಿತೆಂಬ ವರದಿ ಬಂದಿತು. ಅದರ ಸೋದರನಾದ ಮೆಥೋಟ್ರೆಕ್ಸೇಟ್ ಇಂದು ಲ್ಯುಕೇಮಿಯಾಕ್ಕೂ ಸಂಧಿವಾತಕ್ಕೂ ಮುಖ್ಯ ಔಷಧವಾಗಿದೆ. ಜರ್ಟ್ರೂಡ್ ಎಲಿಯನ್ ಮತ್ತು ಜಾರ್ಜ್ ಹಿಚಿಂಗ್ಸ್ ಎಂಬುವರು ಲ್ಯುಕೇಮಿಯಾಕ್ಕೆಂದು ರಚಿಸಿದ ಮದ್ದಿನಿಂದಲೇ ಅಜಾಥಯೊಪ್ರಿನ್ ಹುಟ್ಟಿತು. ಬೇರೊಬ್ಬರ ಮೂತ್ರಪಿಂಡವನ್ನು ದೇಹವು ಹೊರದೂಡದಂತೆ ತಡೆಯಲು ಅದು ನೆರವಾಯಿತು. ಅವರಿಗೆ 1988ರ ನೊಬೆಲ್ ಪಾರಿತೋಷಕದಲ್ಲಿ ಪಾಲು ದೊರೆಯಿತು. 1948ರಲ್ಲಿ ಅಮೆರಿಕದ ಫಿಲಿಪ್ ಹೆಂಚ್ ಎಂಬ ವೈದ್ಯರು ಕಾರ್ಟಿಸೋನನ್ನು ಕೊಟ್ಟು, ಹಾಸಿಗೆ ಹಿಡಿದಿದ್ದ ಸಂಧಿವಾತದ ರೋಗಿಯನ್ನು ನಡೆಯುವಂತೆ ಮಾಡಿದರು. ಸ್ಟಿರಾಯಿಡುಗಳೆಂಬ ಔಷಧಗಳು ಬಳಕೆಗೆ ಬಂದುದು ಹೀಗೆ.

ಇನ್ನು ಕೆಲವು ಔಷಧಗಳು ಮಣ್ಣಿನಿಂದಲೇ ದೊರೆತವು. ನಾರ್ವೆ ದೇಶದ ಪ್ರಸ್ಥಭೂಮಿಯೊಂದರಿಂದ ತಂದ ಮಣ್ಣಿನ ಬೂಷ್ಟಿನಲ್ಲಿ ಸೈಕ್ಲೋಸ್ಪೋರಿನ್ ದೊರೆಯಿತು. ನಿರೋಧಶಕ್ತಿಯನ್ನು ತಗ್ಗಿಸುವ ಅದರ ಗುಣವು 1972ರಲ್ಲಿ ತಿಳಿದುಬಂದಿತು. 1984ರಲ್ಲಿ ಜಪಾನಿನ ತ್ಸುಕುಬಾ ಪ್ರದೇಶದ ಮಣ್ಣಿನಿಂದ ಟ್ಯಾಕ್ರೊಲಿಮಸ್ ದೊರೆಯಿತು. ಬೆಂಗಳೂರಿನ ಬಯೋಕಾನ್ ಸಂಸ್ಥೆಯು ಈಗ ಅದನ್ನು ತಯಾರಿಸುತ್ತಿದೆ. ಪೆಸಿಫಿಕ್ ಸಾಗರದ ಈಸ್ಟರ್ ದ್ವೀಪದಿಂದ 1964ರಲ್ಲಿ ತಂದ ಮಣ್ಣಿನಲ್ಲಿ ರ‍್ಯಾಪಮೈಸಿನ್ ಅಡಗಿತ್ತು; ಅದನ್ನು ಬೆಳಕಿಗೆ ತಂದವರು ಭಾರತಸಂಜಾತರಾದ ಸುರೇನ್ ಸೆಹಗಲರು. ಮೂತ್ರಪಿಂಡ, ಯಕೃತ್ತು, ಹೃದಯಗಳನ್ನು ಬೇರೊಬ್ಬರಿಂದ ಪಡೆದು ಬದುಕುತ್ತಿರುವ ಎಷ್ಟೋ ಮಂದಿ ಇಂತಹ ಔಷಧಗಳಿಗೆ ಋಣಿಗಳು.

ಆದರೆ ಕಾವಲನ್ನು ಅಡಗಿಸುವ ಔಷಧವು ಎರಡಲಗಿನ ಕತ್ತಿ. ತಪ್ಪುಮಾಡುವ ಕಣವನ್ನು ಮಾತ್ರ ಹಿಡಿದು, ಸರಿಯಾದ ಕಣವನ್ನು ಬಿಟ್ಟುಬಿಡುವ ಸಾಮರ್ಥ್ಯವು ಬಹುಪಾಲು ಔಷಧಗಳಿಗಿಲ್ಲ. ಆದುದರಿಂದ ಚಿಕಿತ್ಸೆಯಲ್ಲಿರುವವನ ಬಾಗಿಲು ಅರ್ಧ ತೆರೆದಂತೆ ಇರುವುದು. ಹಿಂದೆಂದೋ ಬಂದು ಅಡಗಿದ್ದ ಕ್ಷಯವು ಮರಳಿ ಎದ್ದೀತು. ಹೆಪಟೈಟಿಸ್-ಬಿ ಕಾಮಾಲೆಯು ಕೆರಳೀತು. ಬರಿಗಾಲಿನ ಚರ್ಮದ ಮೂಲಕ ಒಳಹೊಕ್ಕು ವರ್ಷಗಟ್ಟಲೆ ಕರುಳಿನಲ್ಲಿ ಸುಮ್ಮನಿದ್ದ ದಾರದಂತಹ ಹುಳುಗಳು ಸ್ಟಿರಾಯಿಡಿನ ದೆಸೆಯಿಂದ ಮೈಯೆಲ್ಲ ಹರಡಿಯಾವು. ಈ ಕಾರಣದಿಂದಲೇ ವೈದ್ಯರು ಇಂತಹ ಚಿಕಿತ್ಸೆಯ ಮೊದಲು ರಕ್ತವನ್ನೂ ಎದೆಯ ಚಿತ್ರವನ್ನೂ ಪರೀಕ್ಷಿಸುವರು. ಅದನ್ನು ವ್ಯರ್ಥ ವೆಚ್ಚವೆಂದು ಭಾವಿಸಬಾರದು.

ಕೋಟೇಶ್ವರದ ಕೆಸರಿನ ಮಾತು ಇಲ್ಲಿ ಪ್ರಸ್ತುತವಾಗುವುದು. ಮೆಲಿಯೊಯ್ಡೋಸಿಸ್ ಎಂಬ ರೋಗವನ್ನು ಆಲ್ಫ್ರೆಡ್ ವಿಟ್ಮೋರ್ ಮತ್ತು ಸಿ. ಎಸ್. ಕೃಷ್ಣಸ್ವಾಮಿ ಎಂಬ ವೈದ್ಯರು ರಂಗೂನಿನಲ್ಲಿ ಗುರುತಿಸಿ 1912ರಲ್ಲಿ ವಿವರಿಸಿದರು. ಇದರ ರೋಗಾಣುವು ಒದ್ದೆಮಣ್ಣಿನಲ್ಲಿಯೂ ನಿಂತ ನೀರಿನಲ್ಲಿಯೂ ವಾಸಿಸುವುದು. ಕಾಲಿನ ಸಣ್ಣ ಗಾಯದಿಂದಲೂ, ಮಳೆಗಾಳಿಯ ತುಂತುರಿನ ಉಸಿರಿನಿಂದಲೂ, ಕಾಯಿಸದ ನೀರಿನಿಂದಲೂ ಒಳಸೇರುವುದು. ಕರಾವಳಿ ಕರ್ನಾಟಕದಲ್ಲಿ ಈ ರೋಗವು ಹೆಚ್ಚಾಗಿ ಮಳೆಗಾಲದಲ್ಲಿ ಕಾಣಿಸಿಕೊಳ್ಳುವುದು. ಡಾ. ಟಿ. ಎಂ. ಎ. ಪೈಗಳವರು 1953ರಲ್ಲಿ ಸ್ಥಾಪಿಸಿದ ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ತಜ್ಞರು ಇದನ್ನು ಅನೇಕ ವರ್ಷಗಳಿಂದ ಅಭ್ಯಸಿಸುತ್ತ ಬಂದಿರುವರು. ಮಧುಮೇಹಿಗಳನ್ನೇ ಇದು ಮುಖ್ಯವಾಗಿ ಹಿಡಿಯುವುದಾದರೂ ಸ್ಟಿರಾಯಿಡ್ ಮೊದಲಾದ ಔಷಧಗಳನ್ನು ಸೇವಿಸುವವರಿಗೂ ಅಪಾಯವು ಹೆಚ್ಚು. ಕ್ಷಯದಂತೆಯೇ ಶ್ವಾಸಕೋಶವನ್ನು ಹಿಡಿದು, ಇಲ್ಲವೆ ಯಕೃತ್ತಿನಲ್ಲಿಯೂ ಗುಲ್ಮದಲ್ಲಿಯೂ ಕೀವುಗಟ್ಟಿಸಿ, ಇದು ವೈದ್ಯರನ್ನೂ ಭ್ರಮೆಗೊಳಿಸುವುದುಂಟು. ಕಂಡುಹಿಡಿದರೆ ಮದ್ದುಂಟು. ಮೊದಲು ಕಡಮೆಯೆಂದರೆ ಹತ್ತರಿಂದ ಹದಿನಾಲ್ಕು ದಿನ ರಕ್ತನಾಳದ ಮೂಲಕ ಔಷಧವನ್ನು ಕೊಟ್ಟು, ಆಮೇಲೆ ಮೂರು ತಿಂಗಳು ಗುಳಿಗೆಗಳನ್ನು ಕೊಡಬೇಕಾಗುವುದು. ಆದಕಾರಣ ನಿರೋಧಶಕ್ತಿ ತಗ್ಗಿದವನು ಮಳೆಗಾಲದಲ್ಲಿ ಗದ್ದೆಗಿಳಿಯದಿರುವುದೇ ಲೇಸು, ಇಳಿಯಲೇಬೇಕಾದರೆ ಮೊಣಕಾಲುದ್ದದ ರಬ್ಬರಿನ ಬೂಟುಗಳೂ ಕೈಚೀಲಗಳೂ ಇರಬೇಕು, ಗಾಯವಿದ್ದರೆ ಇಳಿಯಲೇಕೂಡದು. ಹಟ್ಟಿಯ ಗೊಬ್ಬರವನ್ನು ಕೆದರುವುದು, ಬೂಷ್ಟು ಹಿಡಿದ ಹಳೆಯ ಹುಲ್ಲನ್ನು ಕೊಡವುವುದು ಇವೂ ಅವನಿಗೆ ತಕ್ಕ ಕೆಲಸಗಳಲ್ಲ. ಆ ಕೆಲಸವನ್ನು ನೆರೆಮನೆಯವನೊಬ್ಬನು ಮಾಡಿಕೊಟ್ಟರೆ ಅದು ಒಂದು ಕುಪ್ಪಿ ಔಷಧಕ್ಕಿಂತ ಕಡಮೆಯ ಉಪಕಾರವಲ್ಲ.

ಚಿಕಿತ್ಸೆಯಲ್ಲಿರುವವರೂ ಅವರ ಮನೆಯವರೂ ಮರೆಯಬಾರದ ಕೆಲವು ಸಂಗತಿಗಳುಂಟು. ಕ್ಯಾನ್ಸರಿನ ಔಷಧದಿಂದ ಬಿಳಿಕಣಗಳು ಬಹಳ ಇಳಿದಿರುವಾಗ 100.4 ಡಿಗ್ರಿ ಜ್ವರವು ಬಂದಿತೆಂದರೆ ಅದು ನಾಳೆಯವರೆಗೆ ಕಾಯುವ ಜ್ವರವಲ್ಲ. ಅರ್ಧರಾತ್ರಿಯಾದರೂ ಆಸ್ಪತ್ರೆಗೆ ಹೊರಡಬೇಕು. ಸಂಧಿವಾತಕ್ಕೆ ಕೊಡುವ ಮೆಥೋಟ್ರೆಕ್ಸೇಟ್ ವಾರಕ್ಕೊಂದೇ ದಿನ ಸೇವಿಸತಕ್ಕುದು. ಇತರ ಗುಳಿಗೆಗಳಂತೆ ದಿನದಿನವೂ ನುಂಗಿದರೆ ಬಾಯೆಲ್ಲ ಹುಣ್ಣಾಗಿ, ಮಜ್ಜೆಯು ಬತ್ತಿ, ಪ್ರಾಣವೇ ಹೋದೀತು. ಹಾಗೆ ಹೋದ ಪ್ರಾಣಗಳೂ ಉಂಟು. ಓದುಬರಹ ಬಲ್ಲ ಮಕ್ಕಳು ಸೋಮವಾರವೆಂದೋ ಗುರುವಾರವೆಂದೋ ಗೊತ್ತುಮಾಡಿದ ವಾರವನ್ನು ಪೊಟ್ಟಣದ ಮೇಲೆ ದೊಡ್ಡಕ್ಷರದಲ್ಲಿ ಬರೆದಿಡತಕ್ಕುದು. ಗರ್ಭಿಣಿಯರಿಗೂ, ಗರ್ಭ ಧರಿಸಬೇಕೆಂದಿರುವವರಿಗೂ ಈ ಮದ್ದು ನಿಷಿದ್ಧ. ಸ್ಟಿರಾಯಿಡನ್ನು ಕೆಲವು ವಾರಗಳ ಕಾಲ ಸೇವಿಸಿದವರು ಅದನ್ನು ತಟ್ಟನೆ ನಿಲ್ಲಿಸಲಾಗದು. ದೇಹವು ತಾನಾಗಿ ಆ ರಸವನ್ನು ಸ್ರವಿಸುವುದನ್ನು ಮರೆತಿರುವುದರಿಂದ, ನಿಲ್ಲಿಸಿದೊಡನೆ ರಕ್ತದ ಒತ್ತಡವು ಕುಸಿದು ಮೂರ್ಛೆ ಬಂದೀತು. ಜೀವಂತ ರೋಗಾಣುಗಳಿಂದ ಮಾಡಿದ ಲಸಿಕೆಗಳನ್ನು ಇಂತಹ ರೋಗಿಗೆ ಹಾಕಿಸಬಾರದು. ಉಳಿದ ಲಸಿಕೆಗಳನ್ನು ವೈದ್ಯರನ್ನು ಕೇಳಿ ಹಾಕಿಸಬೇಕು. ಮನೆಯ ಇತರರು ತಮ್ಮ ಲಸಿಕೆಗಳನ್ನು ತಪ್ಪದೆ ಪಡೆದರೆ ರೋಗಿಯ ಸುತ್ತ ಕೋಟೆಯನ್ನು ಕಟ್ಟಿದಂತಾಗುವುದು.

ರೋಗನಿರೋಧಕ ಶಕ್ತಿಯನ್ನು ವರ್ಧಿಸುವುದೆಂದು ಹೇಳಿ ಮಾರುವ ಕಷಾಯ, ಚೂರ್ಣಗಳು ಈಚೆಗೆ ಎಲ್ಲೆಡೆಯಲ್ಲಿಯೂ ಹೇರಳವಾಗಿವೆ. ಕಾವಲೇ ದಾರಿತಪ್ಪಿ ಮನೆಯವರನ್ನು ಹೊಡೆಯುತ್ತಿರುವಾಗ ಅದರ ಕೈಗೆ ಇನ್ನೊಂದು ದೊಣ್ಣೆಯನ್ನು ಕೊಡುವುದು ವಿವೇಕವೆನಿಸದು. ಅಮೃತಬಳ್ಳಿಯು ಪ್ರಾಚೀನರು ಕೊಂಡಾಡಿದ ಮೂಲಿಕೆಯೇ ಸರಿ. ಆದರೆ ಕೋವಿಡ್ ಕಾಲದಲ್ಲಿ ಅದನ್ನು ಬಿಡದೆ ಸೇವಿಸಿದ ಕೆಲವರಲ್ಲಿ, ನಿರೋಧಶಕ್ತಿಯು ಯಕೃತ್ತಿನ ಮೇಲೆಯೇ ತಿರುಗಿಬಿದ್ದಂತಹ ಹಾನಿಯು ಕಂಡುಬಂದಿತೆಂದು ಮುಂಬಯಿಯ ವೈದ್ಯರು 2021ರಲ್ಲಿ ವರದಿಮಾಡಿರುವರು. ಯಾವ ಪದ್ಧತಿಯ ಮದ್ದಾದರೂ ಸರಿ, ಚಿಕಿತ್ಸೆ ಮಾಡುತ್ತಿರುವ ವೈದ್ಯರಿಂದ ಮುಚ್ಚಿಟ್ಟು ಸೇವಿಸುವುದು ಅಪಾಯಕರವು.

ವೆಚ್ಚದ ಭಯವು ಅನೇಕರನ್ನು ಅರ್ಧದಾರಿಯಲ್ಲಿಯೇ ಹಿಂದಿರುಗಿಸುವುದು. ಈ ಭಯವು ಹಿಂದಿನಷ್ಟು ಇರಬೇಕಾದುದಿಲ್ಲ. ದೀರ್ಘಕಾಲದ ಒಂದು ಬಗೆಯ ಲ್ಯುಕೇಮಿಯಾಕ್ಕೆ 2001ರಲ್ಲಿ ಬಂದ ಇಮಾಟಿನಿಬ್ ಎಂಬ ಗುಳಿಗೆಯು, ಹಿಂದೆ ಕೆಲವೇ ವರ್ಷಗಳ ಆಯುಷ್ಯವಿದ್ದವರನ್ನು ಇತರರಂತೆಯೇ ಬಾಳುವಂತೆ ಮಾಡಿತು. ಅದರ ಒಂದು ರೂಪಕ್ಕೆ ಪೇಟೆಂಟನ್ನು ಕೋರಿ ನೊವಾರ್ಟಿಸ್ ಸಂಸ್ಥೆಯು ಹೂಡಿದ್ದ ವ್ಯಾಜ್ಯವನ್ನು ಭಾರತದ ಸರ್ವೋಚ್ಚ ನ್ಯಾಯಾಲಯವು 2013ರ ಏಪ್ರಿಲ್ 1ರಂದು ತಳ್ಳಿಹಾಕಿದುದರಿಂದ, ದೇಶದಲ್ಲಿಯೇ ತಯಾರಾದ ಅಗ್ಗದ ಗುಳಿಗೆಗಳು ಬಡವರ ಕೈಗೆಟಕುವಂತೆ ಉಳಿದುವು. ಬೆಂಗಳೂರಿನಲ್ಲಿ 1973ರಲ್ಲಿ ಸ್ಥಾಪಿತವಾದ ಕಿದ್ವಾಯಿ ಸ್ಮಾರಕ ಗ್ರಂಥಿ ಸಂಸ್ಥೆಯು ಬಡರೋಗಿಗಳಿಗೆ ಆಶ್ರಯವಾಗಿದೆ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕ ಯೋಜನೆಯಿಂದ ಬಡ ಕುಟುಂಬಗಳಿಗೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ನೆರವುಂಟು. ರೋಗಿಯ ಟಿ-ಕಣಗಳನ್ನೇ ಹೊರತೆಗೆದು, ಅವುಗಳಿಗೆ ಹೊಸ ಗುರಿಯನ್ನು ಕಲಿಸಿ, ಮರಳಿ ದೇಹಕ್ಕೆ ಸೇರಿಸುವ ಅದ್ಭುತ ಚಿಕಿತ್ಸೆಗೂ ಭಾರತವು 2023ರಲ್ಲಿ ಕಾಲಿಟ್ಟಿತು. ಮುಂಬಯಿಯಲ್ಲಿ ರೂಪುಗೊಂಡ ಅದರ ಬಳಿಕ ಬೆಂಗಳೂರಿನ ಸಂಸ್ಥೆಯೊಂದು 2025ರಲ್ಲಿ ಇನ್ನೊಂದನ್ನು ಹೊರತಂದಿತು. ಇದರ ಬೆಲೆಯು ಇನ್ನೂ ಹಲವು ಲಕ್ಷಗಳಾಗಿದ್ದು ಸಾಮಾನ್ಯರಿಗೆ ದೂರವಾಗಿಯೇ ಇದೆ.

ಹಣದಿಂದ ಕೊಳ್ಳಲಾಗದ ನೆರವೂ ಒಂದುಂಟು. ಪ್ಲೇಟ್‌ಲೆಟ್‌ಗಳನ್ನು ಐದು ದಿನಗಳಿಗಿಂತ ಹೆಚ್ಚು ಕಾಲ ಕೂಡಿಡುವುದು ಸಾಮಾನ್ಯವಾಗಿ ಸಾಧ್ಯವಿಲ್ಲ; ಆದುದರಿಂದ ಜಾತ್ರೆಯ ಒಂದು ದಿನ ನೂರು ಮಂದಿ ರಕ್ತವನ್ನು ಕೊಡುವುದಕ್ಕಿಂತ ವರ್ಷವಿಡೀ ಹಂಚಿಕೊಂಡು ಕೊಡುವುದು ಹೆಚ್ಚು ಪ್ರಯೋಜನಕರವು. 18 ವರ್ಷ ತುಂಬಿ, 45 ಕಿಲೊಗ್ರಾಮಿಗೆ ಕಡಮೆಯಿಲ್ಲದ ತೂಕವುಳ್ಳ ಆರೋಗ್ಯವಂತ ಪುರುಷನು ಮೂರು ತಿಂಗಳಿಗೊಮ್ಮೆಯೂ, ಸ್ತ್ರೀಯು ನಾಲ್ಕು ತಿಂಗಳಿಗೊಮ್ಮೆಯೂ ರಕ್ತದಾನ ಮಾಡಬಹುದು. ಮಜ್ಜೆಯ ಮೂಲಕಣಗಳನ್ನು ಬದಲಿಸಬೇಕಾದ ರೋಗಿಗೆ ಒಡಹುಟ್ಟಿದವರ ಕಣಗಳು ಪೂರ್ಣವಾಗಿ ಹೊಂದುವ ಸಂಭವವು ನಾಲ್ಕರಲ್ಲಿ ಒಂದು ಮಾತ್ರ. ಭಾರತದಲ್ಲಿ ಈ ಚಿಕಿತ್ಸೆಯು 1983ರಲ್ಲಿ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ ಆರಂಭವಾದಾಗ ಮನೆತುಂಬ ಮಕ್ಕಳಿರುತ್ತಿದ್ದರು. ಈಗಿನ ಮನೆಗಳಲ್ಲಿ ಒಬ್ಬರೋ ಇಬ್ಬರೋ. ಒಡಹುಟ್ಟಿದವರು ಹೊಂದದಿದ್ದರೆ ಹೊರಗಿನವರನ್ನು ಅರಸಬೇಕು. ಹೊಂದಿಕೆಯು ಒಂದೇ ನಾಡಿನ, ಒಂದೇ ಮೂಲದ ಜನರಲ್ಲಿ ದೊರೆಯುವ ಸಂಭವವು ಹೆಚ್ಚಾದುದರಿಂದ, ಕನ್ನಡಿಗ ರೋಗಿಗೆ ಕನ್ನಡಿಗ ದಾನಿಯೇ ಬಹುಮಟ್ಟಿಗೆ ದಿಕ್ಕು. ದಾನಿಗಳ ಪಟ್ಟಿಗೆ ಸೇರಲು ಕೆನ್ನೆಯ ಒಳಗನ್ನು ಹತ್ತಿಯಿಂದ ಒರೆಸಿಕೊಟ್ಟರೆ ಸಾಕು; ಕಣಗಳನ್ನು ಕೊಡುವ ದಿನವೂ ಬಹುಮಟ್ಟಿಗೆ ತೋಳಿನ ರಕ್ತನಾಳದಿಂದಲೇ ಕೆಲವು ಗಂಟೆಗಳಲ್ಲಿ ತೆಗೆಯುವರು. ಈ ಸಭೆಯಲ್ಲಿರುವ ತರುಣರು ಇದನ್ನು ಗಮನಿಸತಕ್ಕುದು.

ಕಡೆಯದಾಗಿ ಭಕ್ತಸಮುದಾಯದ ನಡವಳಿಕೆಯ ಮಾತು. ರೋಗಿಯನ್ನು ನೋಡಲು ಗುಂಪುಗೂಡಿ ಹೋಗುವುದು ಪ್ರೀತಿಯ ಲಕ್ಷಣವೆಂದು ಹಿಂದಿನಿಂದಲೂ ಬಂದ ರೂಢಿ. ನೆಗಡಿ, ಕೆಮ್ಮು ಇರುವವನು ಕಾವಲು ತಗ್ಗಿದ ರೋಗಿಯ ಮನೆಗೆ ಹೋಗದಿರುವುದೇ ಅವನಿಗೆ ಮಾಡುವ ದೊಡ್ಡ ಪ್ರೀತಿ. ಕೊಡಿಹಬ್ಬದಂತಹ ಜನಸಂದಣಿಗೆ ರೋಗಿಯು ಬರಲಿಲ್ಲವೆಂದಾಗಲಿ, ಕೆರೆಯಲ್ಲಿ ಮೀಯಲಿಲ್ಲವೆಂದಾಗಲಿ ಯಾರೂ ಆಕ್ಷೇಪಿಸಬಾರದು. ಪಾದೋದಕವನ್ನು ಕುದಿಸಿ ಆರಿಸಿದ ನೀರಿನಿಂದ ಸಿದ್ಧಪಡಿಸಿ ಕೊಟ್ಟರೆ ಭಕ್ತಿಗೆ ಕುಂದೇನೂ ಇಲ್ಲ. ದಾಸೋಹದ ಪ್ರಸಾದವನ್ನು ಬಿಸಿಬಿಸಿಯಾಗಿ ಮೊದಲು ರೋಗಿಗೆ ಬಡಿಸಿ, ಹಸಿಯ ಪದಾರ್ಥಗಳನ್ನು ಒತ್ತಾಯಿಸದಿದ್ದರೆ ದಾಸೋಹದ ಧರ್ಮವು ಹೆಚ್ಚುವುದೇ ಹೊರತು ಕಡಮೆಯಾಗದು. ಸಂಧಿವಾತವೋ ಲೂಪಸ್ಸೋ ಇರುವ ಹೆಣ್ಣುಮಗಳ ಕಾಯಿಲೆಯನ್ನು ಮುಚ್ಚಿಟ್ಟು ಮದುವೆ ಮಾಡುವುದೂ, ಮದುವೆಯಾದ ಮೇಲೆ ಅತ್ತೆಯ ಮನೆಯಲ್ಲಿ ತಿಳಿದೀತೆಂಬ ಅಂಜಿಕೆಯಿಂದ ಅವಳು ಔಷಧವನ್ನು ನಿಲ್ಲಿಸುವುದೂ, ಮೂತ್ರಪಿಂಡವು ಕೆಟ್ಟ ಬಳಿಕ ಆಸ್ಪತ್ರೆಗೆ ಬರುವುದೂ ಮನೆಮನೆಗಳಲ್ಲಿ ನಡೆಯುತ್ತಿರುವ ದುಃಖಕರವಾದ ಸಂಗತಿ. ಹತೋಟಿಯಲ್ಲಿರುವ ಲೂಪಸ್ ರೋಗಿಗಳು ವೈದ್ಯರ ಸಲಹೆಯಂತೆ ನಡೆದು ತಾಯಂದಿರಾಗಿರುವರು, ಮನೆಯನ್ನು ನಡೆಸುತ್ತಿರುವರು. ಅವಳು ನಿರ್ಭಯವಾಗಿ ಎಲ್ಲರೆದುರಿಗೆ ಗುಳಿಗೆಯನ್ನು ನುಂಗುವಂತಹ ಮನೆಯನ್ನು ಕಟ್ಟುವುದು ವೈದ್ಯರ ಕೈಯಲ್ಲಿಲ್ಲ. ಅತ್ತೆಮಾವಂದಿರ ಕೈಯಲ್ಲಿದೆ, ಹಿರಿಯರ ಕೈಯಲ್ಲಿದೆ.

ರೋಗವನ್ನು ಗೆಲ್ಲುವುದಕ್ಕಾಗಿ ಒಬ್ಬನ ಮೈಯ ಕಾವಲನ್ನು ವೈದ್ಯರು ತಗ್ಗಿಸಿದಾಗ, ಆ ಕಾವಲಿನ ಹೊಣೆಯು ಅವನ ಮನೆಗೂ ಬೀದಿಗೂ ಊರಿಗೂ ಬಂದು ಸೇರುವುದು. ಅದನ್ನು ಹೊರುವವರಿಗೆ ಪಾಂಡಿತ್ಯವು ಬೇಕಾಗಿಲ್ಲ. ಕೈಯನ್ನು ತೊಳೆಯುವುದು, ನೀರನ್ನು ಕುದಿಸುವುದು, ಕೆಮ್ಮುವಾಗ ದೂರವಿರುವುದು, ವರ್ಷಕ್ಕೆ ಎರಡು ಸಲ ರಕ್ತವನ್ನು ಕೊಡುವುದು, ನಾಟಿಯ ಕಾಲದಲ್ಲಿ ಒಬ್ಬನ ಗದ್ದೆಗೆ ಇನ್ನೊಬ್ಬನು ಇಳಿಯುವುದು, ಇಷ್ಟೇ ಸಾಕು. ಇಷ್ಟನ್ನು ಸದ್ಭಕ್ತರು ತಮ್ಮ ತಮ್ಮ ಗ್ರಾಮಗಳಲ್ಲಿ ಆಚರಣೆಗೆ ತರಲಿ. ಸರ್ವರಿಗೂ ಆಯುರಾರೋಗ್ಯಗಳು ಲಭಿಸಲಿ.